ಪೆಟ್ಟಿಗೆ ಟೀಚರ ಹಡಗು

ಅವರನ್ನು ನಾನು ಮೊದಲು ನೋಡಿದ್ದು ಶಾಲೆಗೆ ಸೇರಿದ ದಿನವೇ, ಬೆಳಗಿನ ಎರಡನೇ ಪೀರಿಯಡ್ಡಿನಲ್ಲಿ. ಏಳನೇ ತರಗತಿಗೆ ಇತಿಹಾಸದ ಪಾಠ ಮಾಡಲು ಹೋದರೆ ಕೋಣೆ ಖಾಲಿ. ನಲವತ್ತಮೂರು ಚೀಲಗಳು ಬೆಂಚುಗಳ ಮೇಲಿದ್ದವು, ಮಕ್ಕಳಿರಲಿಲ್ಲ. ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲಲ್ಲೇ ನಿಂತೆ. ಹೊಸಬನಾದ್ದರಿಂದ ಯಾರನ್ನು ಕೇಳಬೇಕೆಂದೂ ತೋಚಲಿಲ್ಲ. ಗಂಟೆ ಹೊಡೆಯುವ ಜವಾನ ನನ್ನ ಪೆಚ್ಚು ಮುಖ ನೋಡಿ, "ಏಳನೇ ಕ್ಲಾಸಾ ಸಾರ್? ಅವರೆಲ್ಲ ಹಡಗಲ್ಲಿದ್ದಾರೆ" ಎಂದು ಹಿಂದಿನ ಹಾಲಿನ ಕಡೆ ಕೈ ತೋರಿಸಿದ.

ಹಾಲಿನ ಒಂದು ಗೋಡೆಗೆ ಕಾಲು ಮುರಿದ ಬೆಂಚುಗಳನ್ನು ಪೇರಿಸಿದ್ದರು. ನಡುವೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದನೆಯ ಗೆರೆ ಎಳೆದಿತ್ತು. ಒಂದು ತುದಿ ಚೂಪು, ಇನ್ನೊಂದು ತುದಿ ಮೊಂಡು. ಆ ಗೆರೆಯೊಳಗೆ ನಲವತ್ತಮೂರು ಮಕ್ಕಳೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಕೆಲವರು ಬೇರೆಯವರ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದರು. ಗೆರೆಯ ಹೊರಗೆ, ಕಿಟಕಿಯ ಬೆಳಕಿನಲ್ಲಿ, ಕಾಲಿನಿಂದ ತಿದಿ ತುಳಿಯುವ ಹಳೆಯ ಹಾರ್ಮೋನಿಯಂ. ಅದರ ಮುಂದೆ ಐವತ್ತೈದು ದಾಟಿದ ಒಬ್ಬ ತೆಳ್ಳನೆಯ ಹೆಂಗಸು. ಬೂದು ಸ್ವೆಟರಿನ ಮೊಣಕೈಗೆ ಬೇರೆ ಬಣ್ಣದ ನೂಲಿನಲ್ಲಿ ತೇಪೆ ಹಾಕಿತ್ತು. ಚಪ್ಪಲಿಗಳನ್ನು ಪಕ್ಕದಲ್ಲಿ ಜೋಡಿಸಿಟ್ಟು ಬರಿಗಾಲಲ್ಲಿ ತಿದಿ ತುಳಿಯುತ್ತಿದ್ದರು. ನಾನು ಒಂದು ಹೆಜ್ಜೆ ಒಳಗಿಟ್ಟೆ.

"ಗೆರೆ ತುಳೀಬೇಡಿ ಮೇಷ್ಟ್ರೇ, ನೀರಿಗೆ ಬೀಳ್ತೀರಿ."

ಆ ದನಿ ಕೇಳಿ ನಾನು ನಿಜವಾಗಿಯೂ ಹಿಂದೆ ಸರಿದೆ. ಮರಳು ಕಾಗದದಿಂದ ಉಜ್ಜಿದಂತಹ ದನಿ. ಮಕ್ಕಳು ಗೊಳ್ಳೆಂದು ನಕ್ಕರು.

"ಇವರು ಎಷ್ಟು ಹೊತ್ತು ಹೀಗೇ ಕೂತಿರಬೇಕು?" ಎಂದೆ, ಆದಷ್ಟು ಗಂಭೀರವಾಗಿ.

"ಮೂರು ತಿಂಗಳ ಮೇಲೆ ಇಪ್ಪತ್ತು ದಿನ. ನಿಮ್ಮ ಪೀರಿಯಡ್ ಅಷ್ಟು ಉದ್ದ ಇದ್ರೆ ನೀವೂ ಕೂತ್ಕೊಳ್ಳಿ."

ಐನೂರು ವರ್ಷದ ಹಿಂದೆ ಯುರೋಪಿನಿಂದ ಹೊರಟು ಭೂಮಿಯನ್ನು ಸುತ್ತಿದ ಆ ಮೊದಲ ಯಾನದವರು ಶಾಂತ ಸಾಗರವನ್ನು ದಾಟಲು ತೆಗೆದುಕೊಂಡ ಕಾಲ ಅದು. ನನಗೆ ಗೊತ್ತಿತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆದರೆ ಅದು ಇಷ್ಟು ಇಕ್ಕಟ್ಟಾಗಿತ್ತೆಂದು ಅವತ್ತಿನವರೆಗೆ ಗೊತ್ತಿರಲಿಲ್ಲ.

ಅವರನ್ನು ಮಕ್ಕಳೂ ಶಿಕ್ಷಕರೂ ಪೆಟ್ಟಿಗೆ ಟೀಚರ್ ಎನ್ನುತ್ತಿದ್ದರು, ಹಾರ್ಮೋನಿಯಂ ಪೆಟ್ಟಿಗೆಯ ಮುಂದೆಯಲ್ಲದೆ ಅವರನ್ನು ಯಾರೂ ಬೇರೆಲ್ಲೂ ನೋಡುತ್ತಿರಲಿಲ್ಲವಾದ್ದರಿಂದ. ಮೊದಲು ಊರೂರು ಸುತ್ತುವ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದರಂತೆ. ಗಂಟಲಿನ ಆಪರೇಷನ್ ಆದ ಮೇಲೆ ದನಿ ಹೋಯಿತು, ಆಮೇಲೆ ಕಂಪನಿಯೂ ಹೋಯಿತು. ಹತ್ತೊಂಬತ್ತು ವರ್ಷದಿಂದ ಈ ಶಾಲೆಯಲ್ಲಿ ತಾತ್ಕಾಲಿಕ ನೌಕರಿ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಏಳನೇ ತರಗತಿಯ ನಾಲ್ಕು ಇತಿಹಾಸದ ಪೀರಿಯಡ್ಡುಗಳಲ್ಲಿ ಎರಡು ಅವರವು. ಸಮುದ್ರಯಾನಗಳ ಪಾಠವನ್ನು ಅವರು ಹಾಡಿನ ನಾಟಕವಾಗಿ ಕಲಿಸಬೇಕು. ವರ್ಷದ ಕೊನೆಯಲ್ಲಿ ಮಕ್ಕಳು ಅದನ್ನು ತಂದೆ ತಾಯಿಯರ ಮುಂದೆ ಆಡಬೇಕು.

ನನಗೆ ಅದು ಹಿಡಿಸಲಿಲ್ಲ. ನಮ್ಮ ಮನೆಯಲ್ಲಿ ಪುಸ್ತಕ ಹಿಡಿದ ಮೊದಲಿಗ ನಾನು. ಪುಸ್ತಕದಲ್ಲಿರುವುದನ್ನು ಓದಬೇಕು, ಬರೆಯಬೇಕು, ಹಾಡಿ ಕುಣಿಯುವುದು ಪುಸ್ತಕಕ್ಕೆ ಮಾಡುವ ಅವಮಾನ ಎಂದುಕೊಂಡಿದ್ದೆ. ತಪ್ಪು ಹುಡುಕುವುದಕ್ಕೆಂದೇ ಒಂದು ದಿನ ಹಾಲಿನ ಮೂಲೆಯಲ್ಲಿ ಹೋಗಿ ಕೂತೆ. ಆಮೇಲೆ ಪ್ರತಿ ವಾರ ಕೂತೆ.

ಅವರ ಕ್ರಮ ಹೀಗಿತ್ತು. ಮೊದಲ ದಿನ ಪ್ರತಿ ಮಗುವೂ ಎರಡು ಚೀಟಿ ಎತ್ತಬೇಕು. ಒಂದರಲ್ಲಿ ಹಡಗಿನ ಕಸುಬು: ಬಡಗಿ, ಅಡುಗೆಯವ, ಹಾಯಿ ಹೊಲಿಯುವವ, ಪೀಪಾಯಿ ಕಟ್ಟುವವ, ಕ್ಷೌರಿಕ, ನಗಾರಿ ಬಾರಿಸುವವ. ಇನ್ನೊಂದರಲ್ಲಿ ಸಾಯುವ ಸರದಿ. ನಿಜವಾದ ಯಾನದಲ್ಲಿ ಐದು ಹಡಗುಗಳಲ್ಲಿ ಸುಮಾರು ಇನ್ನೂರೈವತ್ತು ಜನ ಹೊರಟಿದ್ದರು, ಮೂರು ವರ್ಷದ ನಂತರ ಒಂದೇ ಹಡಗಿನಲ್ಲಿ ಹದಿನೆಂಟು ಜನ ಮರಳಿದರು. ಆ ಲೆಕ್ಕಕ್ಕೆ ನಲವತ್ತಮೂರರಲ್ಲಿ ಉಳಿಯುವವರು ಮೂವರು. ಒಮ್ಮೆ ಎತ್ತಿದ ಚೀಟಿಯನ್ನು ಬದಲಾಯಿಸುವಂತಿಲ್ಲ.

"ಟೀಚರ್, ನಾನು ಯಾವಾಗ ಸಾಯೋದು?"

"ಗುರುವಾರ."

"ಗುರುವಾರ ನಮ್ಮಮ್ಮ ಹಲ್ಲಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾರೆ."

"ಹಾಗಾದ್ರೆ ಸೋಮವಾರವೇ ಸತ್ತುಬಿಡು. ಹಲ್ಲು ತೋರಿಸೋ ಖರ್ಚೂ ಉಳೀತು."

ಇಡೀ ನಾಟಕಕ್ಕೆ ಒಂದೇ ದೊಡ್ಡ ಹಾಡು. ಒಬ್ಬೊಬ್ಬರಿಗೂ ಅದರಲ್ಲಿ ಒಂದೇ ಸಾಲು. ಅಡುಗೆಯವಳಾಗಿದ್ದ ಹುಡುಗಿ ಶುರು ಮಾಡುತ್ತಿದ್ದಳು: "ಹಸಿದ ಹೊಟ್ಟೆಗೆ ಒಲೆ ನಾನು." ಬಡಗಿ ಮುಂದುವರಿಸುತ್ತಿದ್ದ: "ಬಿರಿದ ಹಲಗೆಗೆ ಮೊಳೆ ನಾನು." ಹಾಯಿ ಹೊಲಿಯುವವಳು: "ಹರಿದ ಹಾಯಿಗೆ ಎಳೆ ನಾನು." ಹೀಗೆ ನಲವತ್ತಮೂರು ಸಾಲು ಮುಗಿದರೆ ಒಂದು ಸುತ್ತು. ಪ್ರತಿ ದೃಶ್ಯದ ಕೊನೆಗೆ ಒಂದು ಸುತ್ತು ಹಾಡಬೇಕು. ಸತ್ತವರು ಗೆರೆ ದಾಟಿ ಹೊರಗೆ ಹೋಗಿ ಕೂರುತ್ತಾರೆ, ಆಮೇಲೆ ಬಾಯಿ ಬಿಡುವಂತಿಲ್ಲ. ಆದರೆ ಅವರ ಸಾಲನ್ನು ಹಾಡಿನಿಂದ ತೆಗೆಯುತ್ತಿರಲಿಲ್ಲ. ಆ ಸಾಲು ಬಂದಾಗ ಪೆಟ್ಟಿಗೆ ಟೀಚರ್ ಮನೆಗಳ ಮೇಲಿಂದ, ಅಂದರೆ ಆ ಕಪ್ಪು ಬಿಳಿ ಪಟ್ಟಿಗಳ ಮೇಲಿಂದ, ಎರಡೂ ಕೈ ಎತ್ತಿಬಿಡುತ್ತಿದ್ದರು. ಕಾಲು ಮಾತ್ರ ತುಳಿಯುತ್ತಿತ್ತು. ಸ್ವರವಿಲ್ಲದೆ ಬರೀ ಗಾಳಿಯ ಸದ್ದು, ಒಂದು ಸಾಲಿನಷ್ಟು ಉದ್ದ. ಮೊದಲ ಸುತ್ತಿನಲ್ಲಿ ಹಾಡೆಲ್ಲ ತುಂಬಿರುತ್ತಿತ್ತು. ಕೊನೆಯ ಸುತ್ತಿನಲ್ಲಿ ಬಹಳ ಹೊತ್ತು ಗಾಳಿ, ಮಧ್ಯೆ ಎಲ್ಲೋ ಒಂದು ದನಿ, ಮತ್ತೆ ಗಾಳಿ.

ಹೀಗೆ ಕಲಿತ ಮಕ್ಕಳು ಏನನ್ನೂ ಮರೆಯುತ್ತಿರಲಿಲ್ಲ. ತಂದ ಆಹಾರವೆಲ್ಲ ಮುಗಿದು ನಾವಿಕರು ಹಾಯಿಗಂಬಕ್ಕೆ ಸುತ್ತಿದ್ದ ಚರ್ಮವನ್ನು ಉಪ್ಪುನೀರಲ್ಲಿ ನೆನೆಸಿ ತಿಂದರು ಎಂದಾಗ ಒಬ್ಬ, "ಚರ್ಮ ಅಂದ್ರೆ ಬೆಲ್ಟಿನ ಥರದ್ದಾ?" ಎಂದು ತನ್ನ ಬೆಲ್ಟನ್ನು ಬಿಚ್ಚಿ ಕಚ್ಚಿಯೇ ನೋಡಿದ. ದ್ವೀಪದವರ ಜಗಳಕ್ಕೆ ತಲೆಹಾಕಿ ಕಪ್ತಾನ ಸತ್ತ ದೃಶ್ಯದಲ್ಲಿ ಒಬ್ಬಳು ಕೇಳಿದಳು, "ತಪ್ಪು ಯಾರದ್ದು ಟೀಚರ್?"

"ಕರೆಯದೆ ಒಬ್ಬರ ಮನೆಗೆ ನುಗ್ಗಿ ಯಜಮಾನಿಕೆ ಮಾಡಿದ್ರೆ ಏನಾಗುತ್ತೆ?"

"ಏಟು ಬೀಳುತ್ತೆ."

"ಅದನ್ನೇ ಬರ್ಕೋ."

ಒಂದು ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿಕೊಂಡು ಹಾಲಿನಲ್ಲಿ ಒಬ್ಬರೇ ಕೂತಿದ್ದಾಗ ನಾನೂ ನನ್ನ ಡಬ್ಬಿ ತಂದೆ. "ನೀವು ಸಮುದ್ರ ನೋಡಿದೀರಾ?" ಎಂದೆ.

"ಇಲ್ಲ. ನೀವು?"

"ನಾನೂ ಇಲ್ಲ."

"ಒಳ್ಳೇದಾಯ್ತು. ಒಬ್ಬರ ತಪ್ಪು ಇನ್ನೊಬ್ಬರಿಗೆ ಗೊತ್ತಾಗಲ್ಲ."

ಅವರ ಪಾಠ ಸೋಮವಾರ ಮತ್ತು ಗುರುವಾರ. ಸೋಮವಾರ ಬೆಳಿಗ್ಗೆ ಅವರ ದನಿ ಇನ್ನೂ ಕೆಟ್ಟದಾಗಿರುತ್ತಿತ್ತು. ಶೀತವಾಯಿತೇ ಎಂದು ಒಮ್ಮೆ ಕೇಳಿದೆ. "ಶೀತ ಅಲ್ಲ ಮೇಷ್ಟ್ರೇ. ಗುರುವಾರ ಸಂಜೆಯಿಂದ ಉಪಯೋಗಿಸಿಲ್ಲ" ಎಂದರು. ದುಃಖದಿಂದ ಹೇಳಲಿಲ್ಲ, ನಲ್ಲಿಯಲ್ಲಿ ಮೊದಲು ಕೆಂಪು ನೀರು ಬರುತ್ತದೆ ಎನ್ನುವ ಹಾಗೆ ಹೇಳಿದರು.

ಆ ವರ್ಷ ತೊಂದರೆ ಬಂದದ್ದು ಚೀಟಿಯಿಂದ. ಅಡುಗೆಯವಳ ಚೀಟಿ ಬಂದಿದ್ದ ಹುಡುಗಿಗೆ ಸಾಯುವ ಸರದಿ ಒಂದನೆಯದು. ಎರಡನೇ ದೃಶ್ಯದಲ್ಲೇ ಹೊರಗೆ ಹೋಗಬೇಕು. ಅವಳ ತಂದೆ ಪೇಟೆಯ ಕಬ್ಬಿಣದ ಅಂಗಡಿಯವರು, ಶಾಲೆಯ ಆಡಳಿತ ಸಮಿತಿಯಲ್ಲಿದ್ದವರು. ನಾಟಕಕ್ಕೆ ಹದಿನೈದು ದಿನವಿದ್ದಾಗ ಹೆಂಡತಿಯ ಜೊತೆ ಹೆಡ್‌ಮಿಸ್ ಕೋಣೆಗೆ ಬಂದರು. ನನ್ನನ್ನೂ ಕರೆಸಿದರು.

"ಅವಳ ಅಜ್ಜಿ ಆರು ಗಂಟೆ ಹೊತ್ತು ಬಸ್ಸಲ್ಲಿ ಕೂತು ಬರ್ತಾರೆ ಮೇಡಂ," ಎಂದರು ತಾಯಿ. "ಬಂದು ಏನು ನೋಡ್ಬೇಕು? ಮೊಮ್ಮಗಳು ಹತ್ತು ನಿಮಿಷಕ್ಕೆ ಸತ್ತು ಗೋಡೆ ಪಕ್ಕ ಕೂತಿರೋದನ್ನಾ?"

"ಹೋದ ವರ್ಷ ನಮ್ಮ ಅಣ್ಣನ ಮಗಂದೂ ಇದೇ ಕಥೆ," ಎಂದರು ಅಂಗಡಿಯವರು. "ಕೊನೇಲಿ ಫೋಟೋ ತೆಗೆದ್ರೆ ಸ್ಟೇಜ್ ಮೇಲೆ ಮೂರೇ ಜನ! ಇದೇನು ವಾರ್ಷಿಕೋತ್ಸವವೋ ತಿಥಿಯೋ? ಹಾಡಿನ ಮಧ್ಯೆ ಆ ಗಾಳಿ ಬೇರೆ. ಪೆಟ್ಟಿಗೆ ಕೆಟ್ಟಿದೆ ಅಂತಾನೇ ಎಲ್ಲರೂ ಅಂದ್ಕೊಳ್ಳೋದು."

ಅವರು ಹೋದ ಮೇಲೆ ಹೆಡ್‌ಮಿಸ್ ಕನ್ನಡಕ ಒರೆಸಿಕೊಂಡರು. ಕೆಟ್ಟವರಲ್ಲ, ದಣಿದವರು. "ಕೊನೆಯಲ್ಲಿ ಎಲ್ಲರೂ ವಾಪಸ್ ಬರೋ ಹಾಗೆ ಮಾಡಿಬಿಡಿ. ಆಯಮ್ಮನ ಹೆಸರು ಜೂನ್‌ನಲ್ಲಿ ಮತ್ತೆ ಸಮಿತಿ ಮುಂದೆ ಹೋಗ್ಬೇಕಲ್ಲ, ಈಗ ಜಗಳ ಬೇಡ. ನೀವು ಇತಿಹಾಸದೋರು, ನೀವೇ ಬರೆದು ಕೊಡಿ. ನೀವಂದ್ರೆ ಕೇಳ್ತಾರೆ."

ನಾನೂ ಆಗ ಪ್ರೊಬೇಷನ್ನಿನಲ್ಲಿದ್ದೆ. ನಾಟಕ ಬೇರೆ, ಇತಿಹಾಸ ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ. ಶನಿವಾರವಿಡೀ ಕೂತು ಬರೆದೆ. ನಲವತ್ತಮೂರು ಸಾಲು ಹಾಗೆಯೇ ಇರಲಿ, ಎಲ್ಲರೂ ಮರಳಿ ವೇದಿಕೆಗೆ ಬಂದು ಅವರವರ ಸಾಲು ಹಾಡಲಿ, ಕೊನೆಗೆ ಒಟ್ಟಾಗಿ ಎರಡು ಸಾಲು:

ಬಂದೆವು ಬಂದೆವು ಎಲ್ಲರು ಬಂದೆವು
ಭೂಮಿಯ ಸುತ್ತಿ ಜಯವನು ತಂದೆವು

ಭಾನುವಾರ ಅದನ್ನು ಹಿಡಿದು ಅವರ ಕೋಣೆಗೆ ಹೋದೆ. ದರ್ಜಿ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು. ಬಾಗಿಲು ತಟ್ಟಿದಾಗ ಒಳಗೆ ಬಹಳ ಹೊತ್ತು ಸದ್ದಿಲ್ಲ. ಆ ಬಾಗಿಲನ್ನು ಯಾರೂ ತಟ್ಟಿ ರೂಢಿಯಿಲ್ಲದ್ದರಿಂದ ಪಕ್ಕದ ಮನೆಯದು ಎಂದುಕೊಂಡಿದ್ದರಂತೆ. ಒಂದು ಮಂಚ, ಒಂದು ಟ್ರಂಕು, ಒಂದು ಕುರ್ಚಿ. ಕುರ್ಚಿಯ ಮೇಲಿನ ಬಟ್ಟೆಯ ರಾಶಿಯನ್ನು ಎತ್ತಿ ನನಗೆ ಜಾಗ ಮಾಡಿ, ತಾವು ಟ್ರಂಕಿನ ಮೇಲೆ ಕೂತರು. ಇದ್ದ ಒಂದು ಲೋಟದಲ್ಲಿ ನನಗೆ ಚಹಾ ಕೊಟ್ಟು, ಫ್ಲಾಸ್ಕಿನ ಮುಚ್ಚಳದಲ್ಲಿ ತಾವು ಕುಡಿದರು.

"ನಿಮ್ಮವರು ಯಾರೂ ಬರಲ್ವಾ?" ಎಂದು ಕೇಳಿಬಿಟ್ಟೆ.

"ತಂಗಿ ಇದ್ದಾಳೆ, ದೂರದಲ್ಲಿ. ಫೋನ್ ಮಾಡ್ತಾಳೆ. ನನ್ನ ದನಿ ಕೇಳಿದ ಕೂಡ್ಲೆ 'ಜ್ವರಾನಾ ಅಕ್ಕಾ?' ಅಂತಾಳೆ. ಹತ್ತೊಂಬತ್ತು ವರ್ಷದಿಂದ ಅದೇ ಮಾತು. ನಾನೂ 'ಸ್ವಲ್ಪ' ಅಂತೀನಿ. ಹುಷಾರಾಗಿರು ಅಂತ ಇಟ್ಟುಬಿಡ್ತಾಳೆ."

ಹಾಳೆಯನ್ನು ಕೊಟ್ಟೆ. ಎರಡು ಸಲ ಓದಿದರು. ನಾನು ಅಂಗಡಿಯವರ ಮಾತು, ಜೂನ್ ತಿಂಗಳ ಸಹಿ, ಹೆಡ್‌ಮಿಸ್ ಕಳವಳ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿಸಿಕೊಂಡು, "ಪ್ರಾಸ ಕೂತಿದೆ" ಎಂದರು.

"ನಿಮಗೆ ಬೇಜಾರಾಯ್ತಾ?"

"ಸತ್ತೋರು ಎಲ್ಲಿಂದ ಬಂದ್ರು ಅಂತ ಮಕ್ಕಳು ಕೇಳಿದ್ರೆ ಏನು ಹೇಳ್ಲಿ ಅಂತ ಯೋಚನೆ ಮಾಡ್ತಿದ್ದೆ. ಇರ್ಲಿ ಬಿಡಿ. ಕಲಿಸ್ತೀನಿ. ಆ ಎರಡು ದಿನ ಹೋದ್ರೆ ನನ್ನ ಹತ್ರ ಇನ್ನೇನಿದೆ?"

ಅವರು ಕಲಿಸಿದರು. ನಾಲ್ಕು ಸಲ ಕಲಿಸಿದ್ದನ್ನು ನಾನೇ ನೋಡಿದೆ. ಸಮಯ ಕಡಿಮೆಯಿದ್ದುದರಿಂದ ಕೊನೆಯ ದೃಶ್ಯವೊಂದನ್ನೇ ಅಭ್ಯಾಸ ಮಾಡಿಸಿದರು. ನಲವತ್ತಮೂರು ಮಕ್ಕಳೂ ನಿಂತು ಗಟ್ಟಿಯಾಗಿ ಹಾಡಿದರು, ನನ್ನ ಎರಡು ಸಾಲನ್ನೂ ಹಾಡಿದರು. ಹಾಲು ಗುಂಯ್ಗುಟ್ಟಿತು. ನನಗೆ ಒಳಗೊಳಗೇ ಖುಷಿಯಾಯಿತೆಂದು ಒಪ್ಪಿಕೊಳ್ಳಬೇಕು.

ನಾಟಕ ಒಂದು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ. ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಎರಡನೇ ದೃಶ್ಯದಲ್ಲಿ ಅಡುಗೆಯವಳು ಹೊಟ್ಟೆ ಹಿಡಿದುಕೊಂಡು ಸತ್ತು, ಗೆರೆ ದಾಟಿ, ವೇದಿಕೆಯಿಂದಿಳಿದು ಗೋಡೆ ಪಕ್ಕ ಕೂತಳು. ಮುಂದಿನ ಸುತ್ತು ಅವಳ ಸಾಲಿನ ಗಾಳಿಯಿಂದ ಶುರುವಾಯಿತು. ಒಬ್ಬೊಬ್ಬರಾಗಿ ಎದ್ದು ಹೋದರು. ಚಂಡಮಾರುತಕ್ಕೆ ಎಂಟು ಜನ, ಹಸಿವಿಗೆ ಹದಿನೈದು, ದ್ವೀಪದ ಕಾಳಗಕ್ಕೆ ಕಪ್ತಾನನೂ ಸೇರಿ ಆರು, ಮರಳುವ ದಾರಿಯಲ್ಲಿ ರೋಗಕ್ಕೆ ಹತ್ತು. ಒಂದು ಗಂಟೆಯಲ್ಲಿ ಹಡಗಿನಲ್ಲಿ ಮೂವರು ಉಳಿದರು. ಆಗ ನಗಾರಿ ಮೊಳಗಿತು. ನಲವತ್ತು ಮಕ್ಕಳು ಬಣ್ಣದ ಬಾವುಟ ಹಿಡಿದು ಓಡಿಬಂದು ವೇದಿಕೆ ತುಂಬಿದರು. ಜನ ಚಪ್ಪಾಳೆ ತಟ್ಟಿದರು. ಫೋಟೋದವನು ಕುರ್ಚಿಯ ಮೇಲೆ ಹತ್ತಿದ. ಪೆಟ್ಟಿಗೆ ಟೀಚರ್ ಶ್ರುತಿ ಕೊಟ್ಟರು.

ಅಡುಗೆಯವಳು ಬಾಯಿ ಬಿಡಲಿಲ್ಲ.

ಬಾವುಟ ಎದೆಗೆ ಹಿಡಿದು, ಮುಖದ ತುಂಬ ನಗು ಇಟ್ಟುಕೊಂಡು, ತುಟಿ ಒತ್ತಿಕೊಂಡು ನಿಂತಿದ್ದಳು. ಆಮೇಲೆ ಪೆಟ್ಟಿಗೆ ಟೀಚರ್ ಎರಡೂ ಕೈಗಳನ್ನು ಮನೆಗಳ ಮೇಲಿಂದ ಎತ್ತಿದರು. ಕಾಲು ತುಳಿಯಿತು. ಒಂದು ಸಾಲಿನಷ್ಟು ಗಾಳಿ. ಅದನ್ನು ಕೇಳಿದ್ದೇ ಬಡಗಿಯೂ ಸುಮ್ಮನಾದ. ಹಾಯಿ ಹೊಲಿಯುವವಳೂ ಸುಮ್ಮನಾದಳು. ತುಂಬಿದ ವೇದಿಕೆಯ ಮೇಲೆ ನಲವತ್ತು ಮಕ್ಕಳು ಬಾಯಿ ಮುಚ್ಚಿ ನಿಂತರು, ಬದುಕಿದ್ದ ಮೂವರು ಮಾತ್ರ ತಮ್ಮ ತಮ್ಮ ಸಾಲು ಬಂದಾಗ ಹಾಡಿದರು. ಕೊನೆಗೆ ನನ್ನ ಎರಡು ಸಾಲನ್ನೂ ಆ ಮೂವರೇ ಹಾಡಿದರು: ಬಂದೆವು ಬಂದೆವು ಎಲ್ಲರು ಬಂದೆವು. ನನಗೆ ತಲೆ ಎತ್ತಿ ನೋಡಲಾಗಲಿಲ್ಲ.

ಯಾರೋ ಹಿಂದೆ ಮೂಗು ಸೀಟಿದರು. ಚಪ್ಪಾಳೆ ಬಂತು, ತಡವಾಗಿ, ಅಲ್ಲೊಂದು ಇಲ್ಲೊಂದು. ಅಂಗಡಿಯವರು ಎದ್ದು ನಿಂತು, "ನಮ್ಮ ಮಕ್ಕಳನ್ನ ಗೊಂಬೆ ಥರ ನಿಲ್ಲಿಸಿ ನಮ್ಮನ್ನೇ ಅಣಕಿಸಿದ್ರಲ್ಲ ಆ ಹೆಂಗಸು!" ಎಂದರು, ಎಲ್ಲರಿಗೂ ಕೇಳುವಂತೆ.

ಸೋಮವಾರ ಬೆಳಿಗ್ಗೆ ಅಡುಗೆಯವಳನ್ನು ಕರೆದು ಕೇಳಿದೆ. "ಯಾಕಮ್ಮ ಹಾಡಲಿಲ್ಲ?"

"ನಾನು ಸತ್ತಿದ್ದೆನಲ್ಲ ಸಾರ್."

"ಅಭ್ಯಾಸ ಮಾಡ್ವಾಗ ಹಾಡಿದ್ಯಲ್ಲ?"

"ಆವಾಗ ಬರೀ ಕೊನೇ ಸೀನ್ ಮಾಡ್ತಿದ್ವಿ ಸಾರ್. ಆವಾಗ ನಾನಿನ್ನೂ ಸತ್ತೇ ಇರ್ಲಿಲ್ಲ." ನಾನು ಇಷ್ಟು ಸುಲಭದ್ದನ್ನು ಕೇಳುತ್ತಿದ್ದೇನಲ್ಲ ಎಂದು ಅವಳಿಗೆ ಆಶ್ಚರ್ಯವಾದಂತಿತ್ತು.

ಪೆಟ್ಟಿಗೆ ಟೀಚರ್ ಹಾಲಿನಲ್ಲಿ ಒದ್ದೆ ಬಟ್ಟೆಯಿಂದ ಸೀಮೆಸುಣ್ಣದ ಗೆರೆ ಒರೆಸುತ್ತಿದ್ದರು. ಸಂಜೆ ಸಮಿತಿ ಸೇರುವುದಿತ್ತು. ನಾನು ಕೇಳಿದೆ, "ನೀವು ಸ್ವರ ಒತ್ತಿದ್ರೆ ಅವಳಿಗೆ ನೆನಪಾಗ್ತಿತ್ತು. ಯಾಕೆ ಕೈ ಎತ್ತಿದ್ರಿ?"

ಅವರು ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿದರು. "ಆ ಮಗು ಬಾಯಿ ಬಿಡಲಿಲ್ಲ ಮೇಷ್ಟ್ರೇ. ಅವಳು ಸುಮ್ಮನಿದ್ದು ಪೆಟ್ಟಿಗೆ ನುಡಿದ್ರೆ, ಅವಳು ಮರೆತಳು ಅಂತ ಊರಿಗೆಲ್ಲ ಗೊತ್ತಾಗುತ್ತೆ. ಪೆಟ್ಟಿಗೆಯೂ ಸುಮ್ಮನಾದ್ರೆ, ಹಾಡೇ ಹಾಗಿದೆ ಅಂತಾರೆ. ಕಂಪನಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ ಅದು. ಹಾಡೋರ ತಪ್ಪನ್ನ ಪೆಟ್ಟಿಗೆ ಹೊರಗೆ ಹಾಕಬಾರದು."

"ಇದನ್ನ ಸಂಜೆ ಹೇಳಿಬಿಡಿ. ಸಾಕು."

"ಏನಂತ? ನಿಮ್ಮ ಮಗಳಿಂದಲೇ ಶುರುವಾಯ್ತು ಅಂತ ಅವರಪ್ಪನಿಗೆ ಹೇಳ್ಲಾ? ಅವಳಿಗೆ ಹನ್ನೆರಡು ವರ್ಷ. ದಿನಾ ಅವರ ಎದುರು ತಟ್ಟೆ ಇಟ್ಕೊಂಡು ಕೂರಬೇಕು. ನನಗೆ ಎದುರು ಕೂರೋರು ಯಾರೂ ಇಲ್ಲ. ನೀವೂ ಅವಳ ಮಾತು ಎತ್ತಬೇಡಿ."

ಸಂಜೆ ಅಂಗಡಿಯವರು ನೇರವಾಗಿ ಕೇಳಿದರು. "ಹೊಸ ಕೊನೆ ಕಲಿಸಿದ್ರೋ ಇಲ್ವೋ?"

"ಕಲಿಸಿದ್ದೆ."

"ಮತ್ತೆ ಒಬ್ಬರೂ ಯಾಕೆ ಹಾಡಲಿಲ್ಲ?"

"ಪೂರ್ತಿ ನಾಟಕವನ್ನ ಒಂದ್ಸಲ ಆಡಿಸಿ ನೋಡಬೇಕಿತ್ತು. ನೋಡಲಿಲ್ಲ. ನನ್ನ ತಪ್ಪು."

ಹೆಡ್‌ಮಿಸ್ ನನ್ನ ಕಡೆ ತಿರುಗಿದರು. "ಕಲಿಸಿದ್ರು ಮೇಡಂ, ನಾನು ನೋಡಿದ್ದೀನಿ" ಎಂದೆ. ಅಷ್ಟೇ ಹೇಳಿದೆ. ಅವಳ ಮಾತು ಎತ್ತಬೇಡಿ ಎಂದಿದ್ದರಿಂದ ಸುಮ್ಮನಾದೆನೋ, ನನ್ನ ಪ್ರೊಬೇಷನ್ ನೆನಪಾಗಿ ಸುಮ್ಮನಾದೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ. "ಕಲಿಸಿ, ಬೇಕಂತಲೇ ಬಾಯಿ ಮುಚ್ಚಿಸಿದ್ರು ಅಂತಾಯ್ತು" ಎಂದರು ಅಂಗಡಿಯವರು. ಪೆಟ್ಟಿಗೆ ಟೀಚರ್ ಇಲ್ಲ ಎನ್ನಲಿಲ್ಲ. ಸ್ವೆಟರಿನ ತೋಳನ್ನು ಎಳೆದುಕೊಂಡು, ಮೇಜಿನ ಅಂಚನ್ನು ನೋಡುತ್ತ ಕೂತರು. ಹತ್ತು ನಿಮಿಷದಲ್ಲಿ ಸಭೆ ಮುಗಿಯಿತು.

ಜೂನ್ ತಿಂಗಳಲ್ಲಿ ಅವರ ಹೆಸರಿನ ಹಾಳೆ ಸಮಿತಿಯ ಮುಂದೆ ಹೋಗಲಿಲ್ಲ. ಹಾರ್ಮೋನಿಯಂ ಶಾಲೆಯದೇ ಆಗಿದ್ದರಿಂದ ಹಾಲಿನಲ್ಲೇ ಉಳಿಯಿತು. ನನಗೆ ನಾಲ್ಕು ಪೀರಿಯಡ್ಡೂ ಬಂದವು. ಹೊಸ ಏಳನೇ ತರಗತಿಗೆ ಪುಸ್ತಕ ನೋಡಿ ಪಾಠ ಮಾಡಿದೆ, ಇಸವಿಗಳನ್ನು ಬೋರ್ಡಿನ ಮೇಲೆ ಬರೆಸಿದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಷ್ಟು ಜನ ಮರಳಿದರು ಎಂಬ ಪ್ರಶ್ನೆಗೆ ಹತ್ತೊಂಬತ್ತು ಮಕ್ಕಳು 'ಎಲ್ಲರೂ' ಎಂದು ಬರೆದಿದ್ದರು.

ಎರಡು ಸಲ ಅವರ ಕೋಣೆಗೆ ಹೋದೆ. ಮೊದಲ ಸಲ ಬೀಗ ಹಾಕಿತ್ತು. ಎರಡನೇ ಸಲ ಬಾಗಿಲು ತೆರೆದು, ನನ್ನನ್ನು ಗುರುತು ಹಿಡಿದು, ಏನೋ ಹೇಳಲು ಹೋದರು. ದನಿ ಹೊರಡಲಿಲ್ಲ. ಕೆಮ್ಮಿ, ನೀರು ಕುಡಿದು, ಮತ್ತೆ ಪ್ರಯತ್ನಿಸಿ, "ಕೂತ್ಕೊಳ್ಳಿ" ಎಂದರು. ಕೆಲಸ ಸಿಕ್ಕಿದೆಯೆಂದು ಅವತ್ತೇ ಹೇಳಿದರು.

ಈಗ ಅವರು ಪೇಟೆಯ ಹಿಂದಿನ ಬೀದಿಯಲ್ಲಿ ವಾದ್ಯ ರಿಪೇರಿ ಮಾಡುವ ಅಂಗಡಿಯೊಂದರ ಒಳಕೋಣೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಐದರವರೆಗೆ ಹಾರ್ಮೋನಿಯಂ ಒಳಗಿನ ಹಿತ್ತಾಳೆಯ ಸ್ವರಪಟ್ಟಿಗಳನ್ನು ಸಣ್ಣ ಅರದಿಂದ ಉಜ್ಜಿ ಶ್ರುತಿಗೆ ತರುತ್ತಾರೆ. ಗಿರಾಕಿಗಳೊಡನೆ ಮಾತಾಡುವುದು ಅಂಗಡಿಯ ಮಾಲೀಕರ ಕೆಲಸ. ಮಕ್ಕಳಿಗೆ ಅವರು ಈಗ ಕಲಿಸುವುದಿಲ್ಲ.